ಹಾವುಮೀನಿನ ಕಬಾಯಾಕಿ: ಚರ್ಮ ರಬ್ಬರ್, ಸಾಸ್ ಕರಕಲು. ಏನು ಮಾಡಲಿ?

ಕೆಂಡದೊಲೆ:
ಜಪಾನಿನ ಕಬಾಯಾಕಿ, ಅಂದರೆ ಸೀಳಿದ ಹಾವುಮೀನಿಗೆ ಸಿಹಿ ಸೋಯಾ ಸಾಸ್ ಹಚ್ಚಿ ಸುಡುವ ಅಡುಗೆ, ಮನೆಯಲ್ಲೇ ಮಾಡಲು ನೋಡುತ್ತಿದ್ದೇನೆ. ಮೀನು ತಾಜಾ. ಬೆನ್ನು ಸೀಳಿಸಿ, ನಡುಮುಳ್ಳು ತೆಗೆಸಿಯೇ ತಂದದ್ದು. ಕೆಂಡದ ಮೇಲಿಟ್ಟು ಶುರುವಿನಿಂದಲೇ ಸಾಸ್ ಹಚ್ಚುತ್ತಾ ಸುಡುತ್ತೇನೆ. ಮೇಲೆಲ್ಲಾ ಕರಕಲು, ಚರ್ಮ ಮಾತ್ರ ಎಷ್ಟು ಅಗಿದರೂ ಮುಗಿಯಲ್ಲ. ತುಂಡು ಸುರುಳಿ ಸುತ್ತಿಕೊಳ್ಳುತ್ತೆ. ಸಾಲದ್ದಕ್ಕೆ ಕೆಸರಿನ ವಾಸನೆ ಬೇರೆ. ಉರಿ ಕಡಿಮೆ ಮಾಡಿದರೆ ಒಣಗಿ ಹೋಗುತ್ತೆ.

ಉಪ್ಪುನೀರು:
ಚರ್ಮದ ಮೇಲಿನ ಲೋಳೆ ತೆಗೆದಿರಾ? ವಾಸನೆ ಜಾಸ್ತಿ ಇರೋದು ಅದರಲ್ಲೇ. ಸುಮ್ನೆ ತೊಳೆದರೆ ಹೋಗಲ್ಲ. ಚರ್ಮ ಮೇಲೆ ಬರುವಂತೆ ಹಲಗೆ ಮೇಲೆ ಹಾಸಿ, ಸುಮಾರು 80 ಡಿಗ್ರಿಯ ಬಿಸಿನೀರು ಸುರಿಯಿರಿ. ಲೋಳೆ ಬೆಳ್ಳಗೆ ಹೆಪ್ಪುಗಟ್ಟುತ್ತೆ. ತಕ್ಷಣ ತಣ್ಣೀರಿಗೆ ಹಾಕಿ, ಚಾಕುವಿನ ಬೆನ್ನಿನಿಂದ ತಲೆಯಿಂದ ಬಾಲದ ಕಡೆಗೆ ಕೆರೆಯಿರಿ. ಬೂದು ಬಣ್ಣದ ಪದರ ಬರುತ್ತಲೇ ಇರುತ್ತೆ, ಬೆರಳಿಗೆ ಜಾರದಷ್ಟು ಆಗುವವರೆಗೆ ಬಿಡಬೇಡಿ. ಬಿಸಿನೀರಲ್ಲಿ ನೆನೆಸಿಡಬೇಡಿ, ಚರ್ಮ ಹರಿಯುತ್ತೆ.

ಇನ್ನೊಂದು, ಇದರ ಹಸಿ ರಕ್ತದಲ್ಲಿ ವಿಷದ ಅಂಶ ಇದೆ. ಕಣ್ಣಿಗೆ, ಗಾಯಕ್ಕೆ ತಾಗಿಸಬೇಡಿ. 60 ಡಿಗ್ರಿಯಲ್ಲಿ 5 ನಿಮಿಷ ಬೆಂದರೆ ಅದು ಕೆಟ್ಟುಹೋಗುತ್ತೆ, ಹಾಗಾಗಿ ಬೆಂದ ಮೀನಿಗೆ ಭಯವಿಲ್ಲ.

ಹಬೆಪಾತ್ರೆ:
ಚರ್ಮದ ವಿಷಯ ನಾನು ಹೇಳ್ತೀನಿ. ನೀವು ಹಬೆಯ ಹಂತವನ್ನೇ ಬಿಟ್ಟಿದ್ದೀರಿ. ಟೋಕಿಯೋ ಕಡೆಯ ಕಾಂಟೋ ಪದ್ಧತಿಯಲ್ಲಿ ಬೆನ್ನು ಸೀಳಿ, ಸಾಸ್ ಇಲ್ಲದೆ ಒಮ್ಮೆ ಸುಟ್ಟು, ಹಬೆಯಲ್ಲಿ ಬೇಯಿಸಿ, ಆಮೇಲಷ್ಟೇ ಸಾಸ್ ಹಚ್ಚಿ ಮತ್ತೆ ಸುಡುತ್ತಾರೆ. ಹಬೆಯಲ್ಲಿ ಕೊಬ್ಬು ಇಳಿದು ಚರ್ಮ ಮೆತ್ತಗಾಗುತ್ತೆ, ಸಣ್ಣ ಮುಳ್ಳೂ ಬಾಯಿಗೆ ಚುಚ್ಚಲ್ಲ. ಚಾಪ್‌ಸ್ಟಿಕ್‌ನಿಂದ ಒತ್ತಿದರೆ ಚರ್ಮ ಸಲೀಸಾಗಿ ತುಂಡಾಗಬೇಕು, ಅಲ್ಲಿವರೆಗೆ ಇಳಿಸಬೇಡಿ.

ಸುರುಳಿ ಸುತ್ತೋದಕ್ಕೆ ಮದ್ದು ಅಂದ್ರೆ ಮೀನಿಗೆ ಚುಚ್ಚುವ ಕಡ್ಡಿ. ಚರ್ಮಕ್ಕೂ ಮಾಂಸಕ್ಕೂ ನಡುವೆ, ಅಡ್ಡಡ್ಡಲಾಗಿ ನಾಲ್ಕೈದು ಕಡ್ಡಿ ತೂರಿಸಿ. ಮಾಂಸದ ಮಧ್ಯೆ ಚುಚ್ಚಿದರೆ ಮಗುಚುವಾಗ ಒಡೆಯುತ್ತೆ.

ಗರಿಗರಿ:
ಹಬೆ ಕಡ್ಡಾಯ ಅಂತೇನಿಲ್ಲ ಸ್ವಾಮಿ! ಒಸಾಕಾ ಕಡೆಯ ಕಾನ್ಸಾಯ್ ಪದ್ಧತಿಯಲ್ಲಿ ಹೊಟ್ಟೆ ಸೀಳಿ, ಹಬೆ ಇಲ್ಲದೆ ಕೆಂಡದಲ್ಲೇ ಪೂರ್ತಿ ಬೇಯಿಸುತ್ತಾರೆ. ಚರ್ಮ ಗರಿಗರಿ, ನನಗೆ ಅದೇ ಇಷ್ಟ.

ಹಬೆಪಾತ್ರೆ:
ಒಪ್ಪಿದೆ. ಆದರೆ ಅದಕ್ಕೆ ಕೈ ಪಳಗಿರಬೇಕು, ಅಲ್ವಾ? ದಪ್ಪ ಮೀನಾದರೆ ಮೇಲೆ ಸೀದು ಚರ್ಮ ಹಾಗೇ ಉಳಿಯುತ್ತೆ. ಇವರು ಮೊದಲು ಹಬೆಯದ್ದೇ ಮಾಡಲಿ.

ಕೆಂಡದೊಲೆ:
ಸಾಸ್ ಹಾಗಾದರೆ ಯಾವಾಗ?

ಉಪ್ಪುನೀರು:
ಕೊನೆಗೆ. ಸೋಯಾ ಸಾಸ್, ಮಿರಿನ್ (ಅಡುಗೆಗೆ ಹಾಕುವ ಸಿಹಿಯಾದ ಅಕ್ಕಿ ಮದ್ಯ), ಸಕ್ಕರೆ ಸೇರಿದ ಮೇಲೆ ಸೀಯದೆ ಇರುತ್ತಾ? ಹಬೆ ಮುಗಿದ ಮೀನಿಗೆ ತೆಳುವಾಗಿ ಹಚ್ಚಿ, ಕೆಂಡದ ಮೇಲೆ ಹೊಳಪು ಬರುವವರೆಗೆ ಬಿಡಿ, ಮತ್ತೆ ಹಚ್ಚಿ. ಎರಡು ಮೂರು ಸಲ ಸಾಕು. ತೆಗೆಸಿದ ಮುಳ್ಳು, ತಲೆ ಇದ್ದರೆ ಬಿಸಾಡಬೇಡಿ, ಸುಟ್ಟು ಸಾಸ್‌ನಲ್ಲಿ ಕುದಿಸಿ ಸೋಸಿಕೊಳ್ಳಿ. ಅಂಗಡಿ ಬಾಟಲಿಯಲ್ಲಿ ಆ ರುಚಿ ಸಿಗಲ್ಲ.

ಕೆಂಡದೊಲೆ:
ಹಬೆಪಾತ್ರೆಗೆ ಕಡ್ಡಿ ಸಮೇತ ಇಡಬಹುದಾ?

ಹಬೆಪಾತ್ರೆ:
ಕಡ್ಡಿ ಸಮೇತವೇ ಇಡಬೇಕು. ಬೆಂದ ಮೇಲೆ ಬರಿಗೈಯಲ್ಲಿ ಎತ್ತಿದರೆ ಪುಡಿಪುಡಿ. ತಿನ್ನೋ ಮೊದಲು ಬಿಸಿ ಇರುವಾಗಲೇ ಕಡ್ಡಿ ತಿರುಗಿಸುತ್ತಾ ಎಳೆಯಿರಿ, ತಣ್ಣಗಾದರೆ ಅಂಟಿಕೊಳ್ಳುತ್ತೆ.