ವರ್ಲ್ಡ್ ಟೂರ್‌ನಲ್ಲಿ ಏರಿಸಿದ ಲೆವೆಲ್ ರ‍್ಯಾಂಕ್ ಪಂದ್ಯದಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಪ್ಲೇಸ್ಟೇಷನ್ 5ರಲ್ಲಿ ಸ್ಟ್ರೀಟ್ ಫೈಟರ್ 6 ಎಂಬ ಹೊಡೆದಾಟದ ಗೇಮ್ ಆಡತೊಡಗಿದ್ದಾನೆ. ವರ್ಲ್ಡ್ ಟೂರ್‌ನಲ್ಲಿ (ಅದರ ಕಥೆಯ ಭಾಗದಲ್ಲಿ) ತಾನೇ ರೂಪಿಸಿದ ಪಾತ್ರವನ್ನು, ಅಂದರೆ ಅವತಾರವನ್ನು, ಮೆಟ್ರೋ ಸಿಟಿಯ ಬೀದಿಬೀದಿ ಸುತ್ತಿಸಿ, ಲ್ಯೂಕ್, ಚುನ್-ಲಿ, ರ‍್ಯೂ ಮೊದಲಾದ ಗೇಮಿನ ಹೋರಾಟಗಾರರ ಶಿಷ್ಯನಾಗಿಸಿ, ಲೆವೆಲ್ ಚೆನ್ನಾಗಿಯೇ ಏರಿಸಿಕೊಂಡಿದ್ದಾನೆ. ಆದರೆ ರ‍್ಯೂನನ್ನು ಆರಿಸಿಕೊಂಡು ಆನ್‌ಲೈನ್ ರ‍್ಯಾಂಕ್ ಪಂದ್ಯಕ್ಕೆ ಇಳಿದರೆ ಸೋಲಿನ ಮೇಲೆ ಸೋಲು. ಇನ್ನಷ್ಟು ಲೆವೆಲ್ ಏರಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದಾನೆ. ಅದು ನಿಜವೇ? ಅವನು ಪಟ್ಟುಗಳು ಸುಲಭವಾಗಿ ಬರುವ ಮಾಡರ್ನ್ ಕಂಟ್ರೋಲ್‌ನಲ್ಲಿ ಆಡುತ್ತಾನೆ, ಹಳೆಯ ಬಗೆಯ ಕ್ಲಾಸಿಕ್‌ಗೆ ಬದಲಾಗಬೇಕೇ? ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಜಮಖಂಡಿ)

ಲೆವೆಲ್‌ನಿಂದ ರ‍್ಯಾಂಕ್ ಪಂದ್ಯದಲ್ಲಿ ಎಳ್ಳಷ್ಟೂ ಲಾಭವಿಲ್ಲ. ಗಳಿಸಿದ ಲೆವೆಲ್, ತೊಟ್ಟ ಉಡುಪಿನಿಂದ ಬರುವ ಬಲ, ಸ್ಕಿಲ್ ಟ್ರೀಯಲ್ಲಿ ಆರಿಸಿಕೊಂಡ ಅನುಕೂಲಗಳು, ಇವೆಲ್ಲ ಆ ಅವತಾರಕ್ಕೆ ಸೇರಿದವು. ವರ್ಲ್ಡ್ ಟೂರ್ ಬಿಟ್ಟರೆ ಆಟಗಾರರು ಆನ್‌ಲೈನ್ ಸೇರುವ ಬ್ಯಾಟಲ್ ಹಬ್‌ನ ಅವತಾರ್ ಕಾಳಗದಲ್ಲಿ ಮಾತ್ರ ಅವು ನಡೆಯುತ್ತವೆ. ರ‍್ಯಾಂಕ್ ಪಂದ್ಯದಲ್ಲಿ ನಿಮ್ಮ ತಮ್ಮನ ರ‍್ಯೂಗೂ ಎದುರಾಳಿಯ ರ‍್ಯೂಗೂ ಹೆಲ್ತ್ ತಲಾ 10,000 ಇರುತ್ತದೆ. ಒಬ್ಬ ಗುರುವಿನ ಶೈಲಿಗೆ ಇನ್ನೊಬ್ಬ ಗುರುವಿನ ಪಟ್ಟುಗಳನ್ನು ಸೇರಿಸಿಕೊಳ್ಳುವ ಸ್ವಾತಂತ್ರ್ಯವೂ ಅಲ್ಲಿಲ್ಲ. ಗೆಲ್ಲುವುದೇ ಗುರಿಯಾಗಿದ್ದರೆ ವರ್ಲ್ಡ್ ಟೂರ್ ಬಿಟ್ಟುಬಿಡಲಿ.

ಉತ್ತರ 2 (ವಿಜಯಪುರ)

ಮೇಲಿನವರು ಹೇಳಿದ ಸಂಗತಿಗಳು ಸರಿ, ಆದರೆ ಕೊನೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಯಾವ ಪಟ್ಟು ಎಷ್ಟು ದೂರ ಹೋಗುತ್ತದೆ, ಯಾವುದು ಯಾವುದಕ್ಕೆ ಜೋಡುತ್ತದೆ ಎಂಬುದನ್ನು ಹೊಸಬರಿಗೆ ಬೇಸರವಿಲ್ಲದೆ ಪರಿಚಯಿಸುವ ಕೆಲಸವನ್ನು ವರ್ಲ್ಡ್ ಟೂರ್ ಬಹಳ ಚೆನ್ನಾಗಿ ಮಾಡುತ್ತದೆ, ಮತ್ತು ಆ ತಿಳಿವಳಿಕೆ ಎಲ್ಲಿಗೂ ಹೋಗುವುದಿಲ್ಲ. ನಮ್ಮ ಕಡೆಯ ಗರಡಿಗಳಲ್ಲಿ ಬೈಠಕ್ ಹೊಡೆದು ಮೈ ಹುರಿಗೊಳಿಸುವುದು ಬೇರೆ, ಕಣದಲ್ಲಿ ಜೋಡಿಯ ಪಟ್ಟು ಬಿಡಿಸಿಕೊಳ್ಳುವುದು ಬೇರೆ, ಎರಡೂ ಬೇಕು. ತೊಂದರೆ ಇರುವುದು ಅಲ್ಲಿ ಅಂಟಿಕೊಳ್ಳುವ ಅಭ್ಯಾಸಗಳಲ್ಲಿ. ಪೆಟ್ಟು ತಿಂದರೆ ಜಗಳದ ನಡುವೆಯೇ ತಿಂಡಿ ತಿಂದು ಹೆಲ್ತ್ ತುಂಬಿಸಿಕೊಳ್ಳಬಹುದು, ಲೆವೆಲ್ ಹೆಚ್ಚಿದ್ದರೆ ತಡೆಯುವ ಗೋಜಿಗೇ ಹೋಗದೆ ಬಟನ್ ಒತ್ತುತ್ತ ಗೆಲ್ಲಬಹುದು.

ರ‍್ಯಾಂಕ್ ಪಂದ್ಯದಲ್ಲಿ ಆರಂಭದ ಹಂತದವರು ಸೋಲುವುದು ಹೆಚ್ಚಾಗಿ ಎರಡೇ ಕಾರಣಕ್ಕೆ: ಎದುರಾಳಿ ಹಾರಿ ಬಂದಾಗ ಹೊಡೆದು ಕೆಡವುವುದಿಲ್ಲ, ಹೊಡೆತ ತಾಳಿಕೊಂಡೇ ನುಗ್ಗುವ ಪಟ್ಟಾದ ಡ್ರೈವ್ ಇಂಪ್ಯಾಕ್ಟ್‌ಗೆ ಉತ್ತರ ಕೊಡುವುದಿಲ್ಲ. ಡ್ರೈವ್ ಇಂಪ್ಯಾಕ್ಟ್ ತಗಲಲು 26 ಫ್ರೇಮ್ ಬೇಕು. ಸೆಕೆಂಡಿಗೆ 60 ಫ್ರೇಮ್ ಎಂದರೆ ಅರ್ಧ ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಕಂಡು, ತಾನೂ ಡ್ರೈವ್ ಇಂಪ್ಯಾಕ್ಟ್ ಹೊಡೆದರೆ ಎದುರಾಳಿಯೇ ಕುಸಿಯುತ್ತಾನೆ. ಇದನ್ನು ಕಲಿಯಲು ಟ್ರೇನಿಂಗ್ ಮೋಡ್‌ಗೆ ಹೋಗಿ, ಎದುರಿನ ಗೊಂಬೆಗೆ ಒಂದು ಸ್ಲಾಟ್‌ನಲ್ಲಿ ಹಾರಿ ಒದೆಯುವುದನ್ನು, ಇನ್ನೊಂದರಲ್ಲಿ ಡ್ರೈವ್ ಇಂಪ್ಯಾಕ್ಟನ್ನು, ಮತ್ತೊಂದರಲ್ಲಿ ಸುಮ್ಮನೆ ಮುಂದೆ ನಡೆದು ಬರುವುದನ್ನು ರೆಕಾರ್ಡ್ ಮಾಡಿ, ಯಾವುದು ಯಾವಾಗ ಬರುತ್ತದೆಂದು ಗೊತ್ತಾಗದಂತೆ ರ‍್ಯಾಂಡಮ್ ಆಗಿ ಬಿಡಬೇಕು. ಹಾರಿದರೆ ಶೋರ್ಯುಕೆನ್ (ಮೇಲಕ್ಕೆ ಜಿಗಿದು ಗುದ್ದುವ ಪಟ್ಟು), ಇಂಪ್ಯಾಕ್ಟ್‌ಗೆ ಇಂಪ್ಯಾಕ್ಟ್, ನಡೆದು ಬಂದರೆ ತಾಳ್ಮೆ. ಆ ಮೂರನೆಯದೇ ಕಠಿಣ, ಏಕೆಂದರೆ ಏನೂ ಆಗದಿರುವಾಗ ಬೆರಳು ಸುಮ್ಮನಿರುವುದಿಲ್ಲ.

ಇಂಥ ಪಟ್ಟುಗಳಿಗೆ ಖರ್ಚಾಗುವ ಶಕ್ತಿಯನ್ನು ತೋರಿಸುವ ಡ್ರೈವ್ ಗೇಜ್‌ನ ಮೇಲೂ ಕಣ್ಣಿರಲಿ. ಪ್ರತಿ ಸುತ್ತಿನ ಆರಂಭದಲ್ಲಿ ಅದರ 6 ಪಟ್ಟಿಗಳೂ ತುಂಬಿರುತ್ತವೆ. ಇಂಪ್ಯಾಕ್ಟ್‌ಗೆ 1, ಓವರ್‌ಡ್ರೈವ್ (ಬಲ ಹೆಚ್ಚಿಸಿದ) ಹೊಡೆತಕ್ಕೆ 2 ಪಟ್ಟಿ ಖರ್ಚಾಗುತ್ತದೆ, ಎದುರಾಳಿಯ ಹೊಡೆತ ತಡೆದರೂ ಸ್ವಲ್ಪ ಸೋರುತ್ತದೆ. ಪೂರ್ತಿ ಬರಿದಾದರೆ ಬರ್ನ್‌ಔಟ್. ಆ ಸ್ಥಿತಿಯಲ್ಲಿ ಮೂಲೆಗೆ ಸಿಕ್ಕಿ ಇಂಪ್ಯಾಕ್ಟ್ ತಡೆದರೂ ತಲೆ ತಿರುಗಿ ನಿಲ್ಲಬೇಕಾಗುತ್ತದೆ, ಆಮೇಲೆ ದೊಡ್ಡ ಕಾಂಬೋ (ಬಿಡದೆ ಬೀಳುವ ಹೊಡೆತಗಳ ಸರಣಿ) ಖಚಿತ.

ಉತ್ತರ 3 (ನವನಗರ, ಬಾಗಲಕೋಟೆ)

ಕಂಟ್ರೋಲ್ ವಿಷಯ ಉಳಿಯಿತು. ಮಾಡರ್ನ್ ಬಿಡುವ ಅಗತ್ಯ ಸದ್ಯಕ್ಕಿಲ್ಲ. ಮುಂದಕ್ಕೆ ಒತ್ತಿ ಸ್ಪೆಷಲ್ ಬಟನ್ ಒತ್ತಿದರೆ ಶೋರ್ಯುಕೆನ್ ಬರುತ್ತದೆ, ಹಾರಿ ಬಂದವರನ್ನು ಕೆಡವಲು ಹೊಸಬರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಹಾಗೆ ಒಂದೇ ಬಟನ್‌ನಿಂದ ಹೊಡೆದ ಪಟ್ಟಿನ ಪೆಟ್ಟು ಶೇ. 20ರಷ್ಟು ಕಡಿಮೆ, ಕೆಲವು ಸಾಮಾನ್ಯ ಹೊಡೆತಗಳೂ ಸಿಗುವುದಿಲ್ಲ. ಆ ಕೊರತೆ ಅವನಿಗೇ ಕಾಡತೊಡಗಿದಾಗ ಕ್ಲಾಸಿಕ್ ಕಲಿಯಲಿ, ಅದಕ್ಕೆ ವರ್ಲ್ಡ್ ಟೂರ್ ಒಳ್ಳೆಯ ಜಾಗ. ಇನ್ನೊಂದು ಮಾತು: ವೈ-ಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿಸಿಕೊಡಿ. ಪಂದ್ಯಕ್ಕೆ ಮುಂಚೆ ಎದುರಾಳಿಗೆ ನಿಮ್ಮ ಸಂಪರ್ಕ ಯಾವುದೆಂದು ಕಾಣಿಸುತ್ತದೆ, ವೈ-ಫೈ ಎಂದು ಕಂಡರೆ ಹಲವರು ಆಡಲು ಒಪ್ಪುವುದಿಲ್ಲ.