ನರ್ಸಿಂಗ್ ಸೇರುವ ಮುಂಚೆ ಒಂದು ವರ್ಷ ಬಿಡುವು: ತಗೊಳ್ಳೋದಾ, ಬೇಡವಾ?

ಖಾಲಿಪುಟ (ಪ್ರಶ್ನೆ)

ನರ್ಸಿಂಗ್ ಸೀಟು ಸಿಕ್ಕಿದೆ. ತರಗತಿ ಶುರುವಾಗಲು ಇನ್ನು 9 ವಾರ ಇದೆ. ಬೇಕಿದ್ದರೆ ಮುಂದಿನ ಬ್ಯಾಚಿಗೆ ಮುಂದೂಡಲು ಅರ್ಜಿ ಕೊಡಬಹುದು ಎಂದು ಪ್ರವೇಶ ಪತ್ರದಲ್ಲಿ ಬರೆದಿದ್ದಾರೆ, ಅದಕ್ಕೆ 5 ವಾರ ಗಡುವು. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮೂರನ್ನೂ ಒಂದರ ಹಿಂದೆ ಒಂದರಂತೆ ಈಗಷ್ಟೇ ಮುಗಿಸಿದ್ದು. ಒಂದೇ ಪುಟವನ್ನು ಮೂರು ಸಲ ಓದಿದರೂ ತಲೆಗೆ ಹತ್ತುತ್ತಿಲ್ಲ. ಒಂದು ವರ್ಷ ಬಿಟ್ಟು ಸೇರಿದರೆ ಚೇತರಿಸಿಕೊಳ್ಳಬಹುದು ಅನ್ನಿಸುತ್ತದೆ, ಆದರೆ ಓದಿದ್ದೆಲ್ಲ ಮರೆತುಹೋಗುವ ಭಯವೂ ಇದೆ. ಏನು ನೋಡಿ ತೀರ್ಮಾನ ಮಾಡಬೇಕು?

ಮೂರನೇಪಾಳಿ

ಇವತ್ತೇ ತೀರ್ಮಾನ ಮಾಡಬೇಡಿ. ಗಡುವಿಗೆ 5 ವಾರ ಇದೆ, ಅದರಲ್ಲಿ ಮೊದಲ 3 ವಾರ ಪುಸ್ತಕ ಪೂರ್ತಿ ಮುಚ್ಚಿಡಿ. ಅರ್ಧಂಬರ್ಧ ರಜೆ ಲೆಕ್ಕಕ್ಕಿಲ್ಲ. ದಿನಾ ಒಂದು ಗಂಟೆ ಓದುತ್ತಾ ಉಳಿದ ಹೊತ್ತು ಓದಲಿಲ್ಲವಲ್ಲ ಎಂದು ಕೊರಗಿದರೆ ಓದೂ ಆಗುವುದಿಲ್ಲ, ವಿಶ್ರಾಂತಿಯೂ ಸಿಗುವುದಿಲ್ಲ. ಮಲಗುವ, ಏಳುವ ಹೊತ್ತು ದಿನಾ ಒಂದೇ ಇರಲಿ.

ಮೂರು ವಾರ ಕಳೆದ ಮೇಲೆ ಮೊದಲು ಇಷ್ಟಪಟ್ಟಿದ್ದ ಪಾಠವೊಂದನ್ನು 30 ನಿಮಿಷ ಓದಿ ನೋಡಿ. ತಲೆಗೆ ಹತ್ತಿದರೆ ಅದು ಪರೀಕ್ಷೆಯ ದಣಿವು ಅಷ್ಟೆ. ಅದಕ್ಕೆ 9 ವಾರ ಧಾರಾಳವಾಯಿತು, ವರ್ಷ ಬೇಕಿಲ್ಲ. ಹತ್ತದಿದ್ದರೆ, ನಿದ್ದೆ ಮಾಡಿದರೂ ಸುಸ್ತು ಹೋಗದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಊಟ ಸೇರದಿದ್ದರೆ ವೈದ್ಯರನ್ನು ನೋಡಿ. ರಕ್ತಹೀನತೆ, ಥೈರಾಯ್ಡ್, ಖಿನ್ನತೆ ಮೂರೂ ಹೊರಗಿನಿಂದ ‘ಓದಿ ಓದಿ ಸುಸ್ತಾಗಿದೆ’ ಎನ್ನುವ ಹಾಗೆಯೇ ಕಾಣುತ್ತವೆ. ಇವಕ್ಕೆ ಬೇಕಾದ್ದು ಚಿಕಿತ್ಸೆ. ಚಿಕಿತ್ಸೆ ಇಲ್ಲದೆ ಒಂದು ವರ್ಷ ಮನೆಯಲ್ಲಿ ಕೂತರೆ ವರ್ಷದ ಕೊನೆಗೂ ಇದೇ ಪ್ರಶ್ನೆ ಉಳಿದಿರುತ್ತದೆ.

ಕಡತಕಟ್ಟು

ಪತ್ರದಲ್ಲಿ ‘ಅರ್ಜಿ ಕೊಡಬಹುದು’ ಎಂದಿದೆ, ಗಮನಿಸಿ. ಸೀಟು ಕಾಯ್ದಿಡುತ್ತೇವೆ ಎಂದು ಅದರಲ್ಲಿಲ್ಲ. ಕೆಲವು ಕಡೆ ಮುಂದೂಡಿದವರಿಗೆ ಮುಂದಿನ ಬ್ಯಾಚಿನಲ್ಲಿ ಸೀಟು ಖಾತ್ರಿ. ಕೆಲವು ಕಡೆ ಅದು ಸೀಟು ಬಿಟ್ಟುಕೊಟ್ಟು ಮತ್ತೆ ಸಾಲಿನಲ್ಲಿ ನಿಂತಂತೆ. ಕಚೇರಿಯವರು ಫೋನಿನಲ್ಲಿ ‘ಆಗತ್ತೆ ಬಿಡಿ’ ಅಂದದ್ದನ್ನು ನಂಬಿ ಕೂರಬೇಡಿ, ವರ್ಷದ ನಂತರ ಆ ಕುರ್ಚಿಯಲ್ಲಿ ಬೇರೆಯವರು ಇರುತ್ತಾರೆ. ಇಮೇಲ್ ಹಾಕಿ, ಉತ್ತರವನ್ನೂ ಇಮೇಲಿನಲ್ಲೇ ತರಿಸಿಕೊಳ್ಳಿ. ಸೀಟು ಖಾತ್ರಿಯೇ, ಕಟ್ಟಿದ ಶುಲ್ಕ ಮುಂದಕ್ಕೆ ಸಲ್ಲುತ್ತದೆಯೇ, ವಿದ್ಯಾರ್ಥಿವೇತನ ಉಳಿಯುತ್ತದೆಯೇ, ಮುಂದಿನ ಬ್ಯಾಚಿಗೆ ಪಠ್ಯಕ್ರಮವೋ ಪ್ರವೇಶದ ಅರ್ಹತೆಯೋ ಬದಲಾದರೆ ಯಾವುದು ಅನ್ವಯ, ಈ ನಾಲ್ಕಕ್ಕೂ ನೇರ ಉತ್ತರ ಬೇಕು.

ವಿಜ್ಞಾನ ವಿಷಯಗಳ ಅಂಕಗಳಿಗೂ ಕೆಲವು ಕಡೆ ಅವಧಿ ಇರುತ್ತದೆ: 5 ವರ್ಷ, 7 ವರ್ಷ, ಹೀಗೆ. ಈಗಷ್ಟೇ ಮುಗಿಸಿದವರಿಗೆ ಒಂದು ವರ್ಷದಿಂದ ತೊಂದರೆಯಿಲ್ಲ, ಆದರೆ ಒಂದು ವರ್ಷ ಎರಡಾಗಿ, ಎರಡು ಮೂರಾಗುವುದು ಸುಲಭ. ಬಿಎಲ್‌ಎಸ್ (ತುರ್ತಿನಲ್ಲಿ ಜೀವ ಉಳಿಸುವ ಮೂಲ ತರಬೇತಿ) ಕಾರ್ಡ್ ಸಾಮಾನ್ಯವಾಗಿ 2 ವರ್ಷ ನಡೆಯುತ್ತದೆ. ಬಿಡುವು ತೆಗೆದುಕೊಳ್ಳುವವರು ಅದನ್ನು ಈಗಲೇ ಮಾಡಿಸಿದರೆ ಅರ್ಧ ಅವಧಿ ಮನೆಯಲ್ಲೇ ಕಳೆದುಹೋಗುತ್ತದೆ. ಹಿಂದಿನ ಓದಿಗೆ ಸಾಲ ಇದ್ದರೆ ಬ್ಯಾಂಕಿಗೂ ಬರೆದು ಕೇಳಿ. ದಾಖಲಾತಿ ಇಲ್ಲದ ವರ್ಷದಲ್ಲಿ ಕಂತು ಶುರುವಾಗಿಬಿಡಬಹುದು.

ತೋಳುಚುಚ್ಚು

ಈ ವರ್ಷವೇ ಸೇರುವುದಾದರೆ 9 ವಾರದಲ್ಲಿ ನಿಜಕ್ಕೂ ಸಾಲದೆ ಬರುವುದು ಲಸಿಕೆಗೆ ಬೇಕಾದ ದಿನಗಳು. ಇದನ್ನು ಕೊನೆಗೆ ಇಟ್ಟುಕೊಂಡವರು ವಾರ್ಡಿಗೆ ಹೋಗಲಾಗದೆ ತರಗತಿಯಲ್ಲೇ ಕೂರಬೇಕಾಗುತ್ತದೆ.

ಹೆಪಟೈಟಿಸ್ ಬಿ ಲಸಿಕೆಯ ಸಾಮಾನ್ಯ ಕ್ರಮ 0, 1, 6 ತಿಂಗಳು. ಕೊನೆಯ ಡೋಸ್ ಆಗಿ 1ರಿಂದ 2 ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ನೋಡುತ್ತಾರೆ, ಪ್ರತಿ ಮಿ.ಲೀ.ಗೆ 10 ಮಿಲಿ ಇಂಟರ್‌ನ್ಯಾಷನಲ್ ಯೂನಿಟ್ ಅಥವಾ ಹೆಚ್ಚಿರಬೇಕು. ಅಂದರೆ ಪೂರ್ತಿ ಮುಗಿಯಲು 7-8 ತಿಂಗಳು. ಅನೇಕ ಕಡೆ ಸರಣಿ ನಡೆಯುತ್ತಿದ್ದರೂ ಒಪ್ಪುತ್ತಾರೆ, ಆದ್ದರಿಂದ ಮೊದಲ ಡೋಸ್ ಈ ವಾರವೇ ಹಾಕಿಸಿ. ಹಿಂದೆ ಎರಡು ಡೋಸ್ ಆಗಿ ನಿಂತುಹೋಗಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು.

ಎಡವುವುದು ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆ (ಎಂಎಂಆರ್) ಮತ್ತು ಕ್ಷಯದ ಚರ್ಮ ಪರೀಕ್ಷೆಯ ನಡುವೆ. ಎಂಎಂಆರ್, ಸೀತಾಳೆ ಸಿಡುಬು ಎರಡೂ ಜೀವಂತ ಲಸಿಕೆಗಳು, ಅಂದರೆ ದುರ್ಬಲಗೊಳಿಸಿದ ಜೀವಂತ ವೈರಸ್ ಇರುವಂಥವು. ಎರಡನ್ನೂ ಒಂದೇ ದಿನ ಹಾಕಿಸಬೇಕು, ಇಲ್ಲವೇ ನಡುವೆ 28 ದಿನ ಬಿಡಬೇಕು. ಎರಡನೇ ಡೋಸಿಗೂ ಕನಿಷ್ಠ 28 ದಿನ. ಎಂಎಂಆರ್ ಹಾಕಿಸಿದ ಮೇಲೆ ಕೆಲವು ವಾರ ಕ್ಷಯದ ಪರೀಕ್ಷೆಯ ಪ್ರತಿಕ್ರಿಯೆ ಮಂಕಾಗಿ, ಸೋಂಕು ಇದ್ದರೂ ಇಲ್ಲ ಎಂದು ತೋರಿಸಬಹುದು. ಅದಕ್ಕೇ ಚರ್ಮ ಪರೀಕ್ಷೆ ಲಸಿಕೆಗೆ ಮುಂಚೆ ಅಥವಾ ಅದೇ ದಿನ ಆಗಬೇಕು, ತಪ್ಪಿದರೆ 4 ವಾರ ಕಾಯಬೇಕು. ಕಾಲೇಜು ಎರಡು ಹಂತದ ಚರ್ಮ ಪರೀಕ್ಷೆ ಕೇಳಿದರೆ ಎರಡನೆಯದು 1ರಿಂದ 3 ವಾರದ ನಂತರ ಬರುತ್ತದೆ, ಒಂದೊಂದನ್ನೂ 48ರಿಂದ 72 ಗಂಟೆಯೊಳಗೆ ನೋಡಿಸಬೇಕು. ಮೊದಲ ಪರೀಕ್ಷೆಯ ದಿನವೇ ಎಂಎಂಆರ್ ಹಾಕಿಸಿಕೊಂಡರೆ ಎರಡನೆಯದು ಸರಿಯಾಗಿ ಮಂಕಾದ ದಿನಗಳಲ್ಲೇ ಬೀಳುತ್ತದೆ. ಕಾಲೇಜು ಒಪ್ಪಿದರೆ ಕ್ಷಯಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಒಂದೇ ಭೇಟಿ, ಬಿಸಿಜಿ (ಕ್ಷಯದ ಲಸಿಕೆ) ಹಾಕಿಸಿಕೊಂಡವರಲ್ಲಿ ಸುಳ್ಳು ಪಾಸಿಟಿವ್ ತಾಪತ್ರಯವೂ ಇಲ್ಲ. ರಕ್ತ ಕೊಟ್ಟ ದಿನವೇ ಜೀವಂತ ಲಸಿಕೆ ಹಾಕಿಸಬಹುದು. ಗರ್ಭಿಣಿಯರಿಗೆ ಈ ಜೀವಂತ ಲಸಿಕೆಗಳು ಕೂಡದು.

ಹನಿಲೆಕ್ಕ

ಮರೆವಿನ ಮಾತಿಗೆ ಬರೋಣ. ಮೂಳೆ, ಸ್ನಾಯುಗಳ ಹೆಸರು ಮರೆತರೆ ಚಿಂತೆ ಬೇಡ, ಪುಸ್ತಕ ತೆರೆದರೆ ಎರಡು ದಿನದಲ್ಲಿ ವಾಪಸ್ ಬರುತ್ತವೆ. ‘ಯಾಕೆ ಹೀಗಾಗುತ್ತದೆ’ ಎನ್ನುವ ಸರಪಳಿ ಬಿಟ್ಟುಹೋದರೆ ಕಷ್ಟ. ಹೃದಯದ ರಕ್ತಸಂಚಾರ, ಮೂತ್ರಪಿಂಡ ನೀರು-ಉಪ್ಪು ಹಿಡಿದಿಡುವ ರೀತಿ, ಆಮ್ಲ-ಕ್ಷಾರದ ಸಮತೋಲ, ಇನ್ಸುಲಿನ್, ಈ ನಾಲ್ಕು ಗಟ್ಟಿ ಇದ್ದರೆ ಮೊದಲ ವರ್ಷದ ಬಹುಪಾಲು ಪಾಠ ನಿಲ್ಲುತ್ತದೆ. ವರ್ಷ ಬಿಟ್ಟರೂ ವಾರಕ್ಕೆ 3 ದಿನ, 20 ನಿಮಿಷ ಸಾಕು. ಪುಸ್ತಕ ನೋಡದೆ ಖಾಲಿ ಹಾಳೆಯಲ್ಲಿ ಚಿತ್ರ ಬರೆದು, ಆಮೇಲೆ ಪುಸ್ತಕ ತೆರೆದು ತಪ್ಪು ತಿದ್ದಿ. ಬರೀ ಓದಿಕೊಂಡು ಹೋದರೆ ಬರುತ್ತದೆ ಎನ್ನುವ ಭ್ರಮೆ ಬರುತ್ತದೆ, ವಿಷಯ ಬರುವುದಿಲ್ಲ.

ಜತೆಗೆ ಔಷಧಿ ಲೆಕ್ಕ. ಇದರಲ್ಲಿ ಪಾಸಾಗಲು ಅನೇಕ ಕಡೆ ನೂರಕ್ಕೆ 90 ಅಥವಾ ಹೆಚ್ಚು ಕೇಳುತ್ತಾರೆ. 1000 ಮಿ.ಲೀ. ಡ್ರಿಪ್ 8 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ನಳಿಕೆಯ ಸೆಟ್ಟಿನಲ್ಲಿ 1 ಮಿ.ಲೀ.ಗೆ 20 ಹನಿ ಅಂದುಕೊಳ್ಳಿ. 1000 × 20 ÷ 480 = 41.67, ನಿಮಿಷಕ್ಕೆ 42 ಹನಿ. ಗಂಟೆಯನ್ನು ನಿಮಿಷ ಮಾಡಲು ಮರೆತು 8ರಿಂದ ಭಾಗಿಸಿದರೆ 2500 ಬರುತ್ತದೆ. ನಿಮಿಷಕ್ಕೆ 2500 ಹನಿ ಎಣಿಸಲು ಯಾರಿಗೂ ಆಗದು, ಉತ್ತರವನ್ನು ಹೀಗೆ ಕಣ್ಣೆದುರು ತಂದುಕೊಂಡು ನೋಡುವ ಅಭ್ಯಾಸ ಈಗಿಂದಲೇ ಇರಲಿ. ಮಗುವಿನ ತೂಕ 18 ಕಿಲೋ, ಪ್ಯಾರಾಸಿಟಮಾಲ್ ಕಿಲೋಗೆ 15 ಮಿ.ಗ್ರಾಂ. ಅಂದರೆ 270 ಮಿ.ಗ್ರಾಂ. ಸಿರಪ್ 5 ಮಿ.ಲೀ.ಯಲ್ಲಿ 250 ಮಿ.ಗ್ರಾಂ. ಇದ್ದರೆ 5.4 ಮಿ.ಲೀ. ಅರ್ಧವನ್ನು 0.5 ಎಂದೇ ಬರೆಯಿರಿ, ಬರೀ .5 ಬೇಡ. ಐದನ್ನು 5 ಎಂದು ಬರೆಯಿರಿ, 5.0 ಬೇಡ. ಚುಕ್ಕೆ ಮಾಸಿದರೆ ಡೋಸ್ ಹತ್ತುಪಟ್ಟಾಗುತ್ತದೆ.

ಫಾರ್ಮಕಾಲಜಿ ಪುಸ್ತಕ ಕೊಂಡು ಮುಂಚೆಯೇ ಬಾಯಿಪಾಠ ಮಾಡಬೇಡಿ. ರೋಗ ಗೊತ್ತಿಲ್ಲದೆ ಕಲಿತ ಔಷಧಿ ಹೆಸರು ನಿಲ್ಲುವುದಿಲ್ಲ.

ಮಗ್ಗುಲು

ಎಲ್ಲರೂ ವರ್ಷ ಬೇಡ ಎನ್ನುವ ಕಡೆಗೇ ವಾಲುತ್ತಿದ್ದೀರಿ. ಒಂದು ಸಂದರ್ಭದಲ್ಲಿ ವರ್ಷ ಬಿಡುವುದು ಸರಿ: ಈ ಕೆಲಸವೇ ಬೇಕೋ ಬೇಡವೋ ಎಂಬ ಅನುಮಾನ ಇದ್ದಾಗ. ಆಗ ಆರೈಕೆ ಸಹಾಯಕರ ಕೆಲಸಕ್ಕೆ ವಾರದಲ್ಲಿ 2-3 ದಿನ ಹೋಗಬೇಕು. ಹಾಸಿಗೆಯಲ್ಲೇ ಸ್ನಾನ ಮಾಡಿಸುವುದು, ಏಳಲಾಗದವರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕುಡಿದದ್ದು-ಮೂತ್ರ ಹೋದದ್ದು ಅಳೆದು ಬರೆಯುವುದು, ಮಲ-ಮೂತ್ರದ ವಾಸನೆಯಲ್ಲೂ ಮುಖ ಸಿಂಡರಿಸದೆ ಮಾತಾಡುವುದು ಕೈಗೆ ಹತ್ತಿದರೆ ಮೊದಲ ಪೋಸ್ಟಿಂಗಿನ ಅಂಜಿಕೆ ಅರ್ಧ ಇಳಿಯುತ್ತದೆ. ಆದರೆ ಪೂರ್ಣಾವಧಿ 12 ಗಂಟೆ ಪಾಳಿ ಹಿಡಿದು ಅದನ್ನು ಬಿಡುವು ಎಂದುಕೊಳ್ಳಬೇಡಿ. ಹಾಸಿಗೆಯನ್ನು ಸೊಂಟದ ಎತ್ತರಕ್ಕೆ ಏರಿಸದೆ ಬಗ್ಗಿ ಎತ್ತಿದರೆ ಬೆನ್ನು ಹಿಡಿಯುತ್ತದೆ. ರೋಗಿಯ ಕೆಳಗೆ ಹಾಸಿದ ಬಟ್ಟೆ ಹಿಡಿದು ಇಬ್ಬರು ಸೇರಿ ಸರಿಸಿ. ಬೆನ್ನು ಕೆಟ್ಟ ಮೇಲೆ ಓದು ಮುಂದುವರಿಸುವುದು ಬಲು ಕಷ್ಟ.

ಖಾಲಿಪುಟ

ಕೆಲಸದ ಬಗ್ಗೆ ಅನುಮಾನ ಇಲ್ಲ, ಸುಸ್ತು ಮಾತ್ರ. 3 ವಾರ ಪುಸ್ತಕ ಮುಚ್ಚಿಡುತ್ತೇನೆ. ಹಾಗೆ ಮಾಡಿ ಈ ವರ್ಷವೇ ಸೇರುವುದಾದರೆ ಉಳಿದ 6 ವಾರ ಹೇಗೆ ಹಂಚಿಕೊಳ್ಳಲಿ?

ಮೂರನೇಪಾಳಿ

ಈ ವಾರ ಹೆಪಟೈಟಿಸ್ ಮೊದಲ ಡೋಸ್, ಕ್ಷಯದ ರಕ್ತ ಪರೀಕ್ಷೆ, ಅದೇ ದಿನ ಎಂಎಂಆರ್ ಮತ್ತು ಸೀತಾಳೆ ಸಿಡುಬು. ವಿಶ್ರಾಂತಿಯ ದಿನಗಳಲ್ಲೂ ಇದಕ್ಕೆ ಒಂದು ಬೆಳಗ್ಗೆ ಸಾಕು. 5ನೇ ವಾರ ಈ ಮೂರೂ ಲಸಿಕೆಗಳ ಎರಡನೇ ಡೋಸ್, 28 ದಿನ ತುಂಬಿದೆಯೇ ಎಂದು ಎಣಿಸಿಕೊಂಡು ಹೋಗಿ. ಕಾಲೇಜಿಗೆ ಇಮೇಲ್ ಈಗಲೇ ಹೋಗಲಿ, ಉತ್ತರ ಬರಲು ಹೊತ್ತು ಹಿಡಿಯುತ್ತದೆ. 4ರಿಂದ 7ನೇ ವಾರ ಮೇಲೆ ಹೇಳಿದ 20 ನಿಮಿಷದ ಓದು ಮತ್ತು ದಿನಕ್ಕೆ 5 ಲೆಕ್ಕ. ಕೊನೆಯ 2 ವಾರ ಏಳುವ ಹೊತ್ತನ್ನು ಎರಡು ದಿನಕ್ಕೊಮ್ಮೆ 15-20 ನಿಮಿಷ ಬೇಗ ಮಾಡುತ್ತಾ ಬನ್ನಿ, ಬೆಳಗಿನ ಪಾಳಿ ಸಾಮಾನ್ಯವಾಗಿ 7ಕ್ಕೆ ಶುರು. ಮುಂಭಾಗ ಮುಚ್ಚಿದ, ಜಾರದ ಬೂಟು ಕೊಂಡು ಆ ದಿನಗಳಲ್ಲೇ ಹಾಕಿ ಓಡಾಡಿ. ಹೊಸ ಬೂಟು ಮೊದಲ ಸಲ ವಾರ್ಡಿನಲ್ಲಿ ಹಾಕಿದರೆ ಮಧ್ಯಾಹ್ನದೊಳಗೆ ಹಿಮ್ಮಡಿಯಲ್ಲಿ ಬೊಬ್ಬೆ.