ಅಂಧರ ಪಕ್ಕ ಕೂತು ಮಾಡಿದ ಅಧ್ಯಯನಕ್ಕೆ ಕಾನೂನು ಕಿವಿಗೊಡುತ್ತದೆಯೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಪಿಎಚ್‌.ಡಿ. ವಿದ್ಯಾರ್ಥಿ, ಮೈಸೂರು. ಸರ್ಕಾರಿ ಜಾಲತಾಣಗಳನ್ನು ಅಂಧರು ಹೇಗೆ ಬಳಸುತ್ತಾರೆ ಎಂಬುದು ನನ್ನ ವಿಷಯ. ತಂತ್ರಾಂಶ ಹಾಕಿ ಐನೂರು ಸೈಟ್ ತಪಾಸಣೆ ಮಾಡಿದರೆ ಸಾಕು ಅನ್ನುತ್ತಾರೆ ನಮ್ಮ ಗೈಡ್. ನನಗೆ ಇಪ್ಪತ್ತು ಜನರ ಪಕ್ಕದಲ್ಲಿ ಕೂತು ನೋಡುವ ಆಸೆ. ಸರ್ಕಾರದವರೆಗೆ ತಲುಪುವುದು ಯಾವುದು?

ಉತ್ತರ: ಎರಡೂ ತಲುಪುತ್ತವೆ, ಆದರೆ ಬೇರೆ ಬೇರೆ ಬಾಗಿಲಿನಿಂದ. ನಾನೂ ಅಂಧಳೇ. ವೆಬ್‌ಸೈಟ್ ಪರೀಕ್ಷೆಯೇ ನನ್ನ ಉದ್ಯೋಗ. ಹಾಗಾಗಿ ಇದು ನನಗೆ ಬರೀ ಓದಿ ತಿಳಿದ ವಿಷಯವಲ್ಲ.

ಸಂಖ್ಯೆಗೆ ಅದರದೇ ತೂಕವಿದೆ. 2012ರಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಸುಮಾರು 7,800 ಸರ್ಕಾರಿ ಜಾಲತಾಣಗಳನ್ನು ಪರೀಕ್ಷಿಸಿತು. 1,985 ತೆರೆಯಲೇ ಇಲ್ಲ. ತೆರೆದುಕೊಂಡ 5,815ರಲ್ಲೂ ಒಂದಲ್ಲ ಒಂದು ಅಡ್ಡಿ. ಅಷ್ಟು ದೊಡ್ಡ ಲೆಕ್ಕ ಮುಂದಿಟ್ಟರೆ "ಎಲ್ಲೋ ಒಂದೆರಡು ಸೈಟ್ ಕೆಟ್ಟಿರಬಹುದು" ಎನ್ನುವ ಮಾತಿಗೆ ಜಾಗ ಉಳಿಯುವುದಿಲ್ಲ. ಮರುವರ್ಷ ಕೇಂದ್ರ ಸಂಪುಟ ಎಲೆಕ್ಟ್ರಾನಿಕ್ ಸಾಧನ, ಸೇವೆಗಳು ಎಲ್ಲರಿಗೂ ಎಟುಕಬೇಕೆಂಬ ರಾಷ್ಟ್ರೀಯ ನೀತಿಗೆ ಒಪ್ಪಿಗೆ ಕೊಟ್ಟಿತು.

ಆದರೆ ತಂತ್ರಾಂಶಕ್ಕೆ ಕಾಣುವುದು ಕೋಡ್ ಮಾತ್ರ. ಚಿತ್ರಕ್ಕೆ ವಿವರಣೆ ಇದೆಯೇ ಎಂದು ಅದು ಹೇಳುತ್ತದೆ, ಆ ವಿವರಣೆಯಿಂದ ನನಗೆ ಏನಾದರೂ ತಿಳಿಯಿತೇ ಎಂದು ಹೇಳದು. ಬ್ರಿಟನ್‌ನ ಕ್ರಿಸ್ಟೋಫರ್ ಪವರ್, ಹೆಲೆನ್ ಪೆಟ್ರಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ: 32 ಅಂಧರು, 16 ಜಾಲತಾಣ, 1,383 ತೊಂದರೆಗಳು. ಜಾಲತಾಣ ಅಂಗವಿಕಲರಿಗೂ ಎಟುಕುವಂತಿರಲು ಜಗತ್ತೆಲ್ಲ ಒಪ್ಪಿರುವ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿಯ ವ್ಯಾಪ್ತಿಗೆ ಬಂದದ್ದು ಅವುಗಳಲ್ಲಿ ಅರ್ಧದಷ್ಟು ಮಾತ್ರ. ಉಳಿದರ್ಧ ಗೊತ್ತಾದದ್ದು ಪಕ್ಕದಲ್ಲಿ ಕೂತಿದ್ದರಿಂದ.

ಮತ್ತೊಬ್ಬರು: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಇದೆಯಲ್ಲ ಮೇಡಂ. ಆದರೂ ಯಾಕೆ ಹೀಗೆ?

ಉತ್ತರ: ಸೌಲಭ್ಯಗಳು ಅಂಗವಿಕಲರಿಗೂ ಎಟುಕುವಂತೆ "ಮಾಡಲೇಬೇಕು" ಎಂದಿತು ಕಾಯ್ದೆ. ಅದರ ಕೆಳಗೆ 2017ರಲ್ಲಿ ಬಂದ ನಿಯಮಗಳು ಕೈಗೆ ಕೊಟ್ಟದ್ದು ಮಾರ್ಗಸೂಚಿಗಳನ್ನು. ಮಾರ್ಗಸೂಚಿ ಎಂದ ಮೇಲೆ ಪಾಲಿಸದಿದ್ದರೆ ಕೇಳುವವರು ಯಾರು? ಈ ಗಂಟನ್ನು ಬಿಚ್ಚಿದ್ದು ಒಂದು ಸಂಶೋಧನಾ ವರದಿ. ದೃಷ್ಟಿದೋಷವಿರುವ ರಾಜೀವ್ ರಾಟೂರಿ 2005ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವೈಕಲ್ಯ ಅಧ್ಯಯನ ಕೇಂದ್ರಕ್ಕೆ ವರದಿ ಕೊಡಲು ಹೇಳಿತ್ತು. ಆ ವರದಿಯನ್ನು ಮುಂದಿಟ್ಟುಕೊಂಡೇ 2024ರ ನವೆಂಬರ್ 8ರಂದು ಬರೀ ಮಾರ್ಗಸೂಚಿ ಕೊಟ್ಟ ಆ 2017ರ 15(1)ನೇ ನಿಯಮ ಮೂಲ ಕಾಯ್ದೆಗೇ ವಿರುದ್ಧ ಎಂದು ತೀರ್ಪಿತ್ತಿತು. ಕಡ್ಡಾಯವಾದದ್ದನ್ನು ಬೇರೆ ಮಾಡಿ, ಮೂರು ತಿಂಗಳಲ್ಲಿ ನಿಯಮ ರಚಿಸಿ ಎಂದು ಕೇಂದ್ರಕ್ಕೆ ಆದೇಶಿಸಿತು. ಆ ಸಂಜೆ ತೀರ್ಪನ್ನು, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಲ್ಲಿ ಎರಡು ಸಲ ಕೇಳಿದೆ. ಕಣ್ಣು ತುಂಬಿ ಬಂತು.

ಇನ್ನೊಬ್ಬರು: ಅಪ್ಪನ ಬ್ಯಾಂಕ್ ಕೆವೈಸಿ ಮಾಡಿಸಲು ಹೋದರೆ "ಕಣ್ಣು ಮಿಟುಕಿಸಿ" ಅನ್ನುತ್ತದೆ. ಅವರಿಗೆ ಎರಡೂ ಕಣ್ಣಿಲ್ಲ.

ಉತ್ತರ: ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಕೊಟ್ಟ ತೀರ್ಪನ್ನು ಉಲ್ಲೇಖಿಸಿ ಬ್ಯಾಂಕಿಗೆ ಲಿಖಿತ ದೂರು ಕೊಡಿ ಸರ್. ಕಣ್ಣು ಮಿಟುಕಿಸುವುದಕ್ಕೆ ಪರ್ಯಾಯ ಇರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿದೆ. ದೂರಿಗೆ ಸ್ವೀಕೃತಿ ತೆಗೆದುಕೊಳ್ಳುವುದನ್ನು ಮರೆಯಬೇಡಿ.

ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಪಿಎಚ್‌.ಡಿ. ಮಾಡುತ್ತಿರುವವರು ಗಮನಿಸಬೇಕು: ಆ್ಯಪ್, ಜಾಲತಾಣ ಬಿಡುಗಡೆಗೆ ಮುಂಚಿನ ಪರೀಕ್ಷೆಯಲ್ಲಿ ಅಂಧರನ್ನೇ ಸೇರಿಸಿಕೊಳ್ಳಬೇಕು. ತಂತ್ರಾಂಶದ ತಪಾಸಣೆಯೊಂದೇ ಸಾಲದು ಎಂದು ನಾವು ಹೇಳುತ್ತಾ ಬಂದದ್ದು ಈಗ ನ್ಯಾಯಾಲಯದ ಭಾಷೆಯಲ್ಲೇ ಇದೆ.

ಪ್ರಶ್ನೆ ಕೇಳಿದವರು: ಹಾಗಾದರೆ ನಾನು ಹೇಗೆ ಮಾಡಲಿ?

ಉತ್ತರ: ಗೈಡ್ ಹೇಳಿದ್ದನ್ನೂ ಬಿಡಬೇಡಿ, ಐನೂರರ ಬದಲು ಐವತ್ತು ಸೈಟ್ ಮಾಡಿ. ಆಮೇಲೆ ಇಪ್ಪತ್ತು ಜನರ ಜೊತೆ ಕೂರಿ, ಒಬ್ಬೊಬ್ಬರಿಗೂ ನಿಜವಾಗಿ ಬೇಕಿರುವ ಕೆಲಸ ಕೊಡಿ: ಪಿಂಚಣಿ ಅರ್ಜಿ, ಪಹಣಿ, ಆದಾಯ ಪ್ರಮಾಣಪತ್ರ. ಎಲ್ಲಿ ನಿಂತರು, ಎಷ್ಟು ನಿಮಿಷವಾಯಿತು, ಕೊನೆಗೆ ಯಾರನ್ನು ಕರೆದು ಓಟಿಪಿ ಹೇಳಿದರು, ಎಲ್ಲ ಬರೆದುಕೊಳ್ಳಿ. ಕನ್ನಡ ಧ್ವನಿಯಲ್ಲಿ ಕೇಳುವವರು ಅರ್ಧದಷ್ಟಾದರೂ ಇರಲಿ. ಇಂಗ್ಲಿಷ್ ಧ್ವನಿಯಲ್ಲಿ ಮಾತ್ರ ಪರೀಕ್ಷಿಸಿದರೆ ನಮ್ಮ ಊರುಗಳ ತೊಂದರೆ ಹೊರಗೆ ಬರುವುದಿಲ್ಲ. ಪ್ರತಿ ತೊಂದರೆಯ ಎದುರಿಗೆ ಅದು ಯಾವ ಕಲಂ ಮೀರುತ್ತದೆ ಎಂದು ನಮೂದಿಸಿ. ಅಧಿಕಾರಿಗಳು, ವಕೀಲರು ಮೊದಲು ಹುಡುಕುವುದು ಅದನ್ನೇ.

ಬಂದವರಿಗೆ ಬಸ್ ಖರ್ಚು, ದಿನದ ಕೂಲಿ ಕೊಡಲು ಮರೆಯಬೇಡಿ. ಪ್ರಶ್ನಾವಳಿ ಸಿದ್ಧವಾದಾಗ ಕಳಿಸಿ, ಮೊದಲು ನನ್ನ ಮೇಲೇ ಪರೀಕ್ಷಿಸಿ ನೋಡಿ.